ಗೋಡೆಗಳ ಸರಾಸರಿ

ಜೂನ್ 4

ಮಾವ, ನಮಸ್ಕಾರ.

ಸೊಸೆ ಕಾಗದ ಬರೆದಳೆಂದರೆ ಒಂದೋ ಯಾರಿಗೋ ಹುಷಾರಿಲ್ಲ, ಇಲ್ಲವೇ ಗಂಡ ಹೆಂಡಿರ ಜಗಳ ಎಂದುಕೊಂಡು ಗಾಬರಿಯಿಂದ ಒಡೆದಿರುತ್ತೀರಿ. ಎರಡೂ ಅಲ್ಲ. ನಿಮ್ಮ ಮಗ ಲಾರಿ ಓಡಿಸುತ್ತ, ಹೊಟ್ಟೆ ಬೆಳೆಸುತ್ತ ಚೆನ್ನಾಗಿಯೇ ಇದ್ದಾರೆ. ನನಗೆ ಲೆಕ್ಕ ಹೇಳಿಕೊಡಿ. ಅದಕ್ಕೇ ಈ ಕಾಗದ.

ಹತ್ತನೇ ತರಗತಿಯಲ್ಲಿ ಎಲ್ಲ ಪಾಸಾಗಿ ಲೆಕ್ಕದಲ್ಲಿ ಮಾತ್ರ ನಪಾಸಾದವಳು ನಾನು. ಮದುವೆ ಮಾತುಕತೆಯಲ್ಲಿ ಆ ವಿಷಯ ಬಂದಾಗ ನೀವು ಕನ್ನಡಕ ತೆಗೆದು ಒರೆಸಿದ್ದಿರಿ. ಲೆಕ್ಕದ ಮೇಷ್ಟ್ರ ಮನೆಗೆ ಲೆಕ್ಕ ಬಾರದ ಸೊಸೆ. ಈ ಸಲ ನವೆಂಬರಿನಲ್ಲಿ ಖಾಸಗಿಯಾಗಿ ಪರೀಕ್ಷೆ ಕಟ್ಟಿದ್ದೇನೆ.

ಫೋನಿನಲ್ಲಿ ಕೇಳಬಹುದಿತ್ತು. ನಮ್ಮ ಇಸ್ತ್ರಿ ಕಾರ್ಖಾನೆಯ ಗೇಟಿನಲ್ಲಿ ಫೋನ್ ಕಿತ್ತಿಟ್ಟುಕೊಳ್ಳುತ್ತಾರೆ. ಮನೆಗೆ ಬಂದ ಮೇಲೆ ಮಾತಾಡಿದರೆ ಲೆಕ್ಕ ಕಿವಿಯಲ್ಲಿ ನಿಲ್ಲುವುದಿಲ್ಲ, ಕಾಗದದ ಮೇಲೆ ನಿಲ್ಲುತ್ತದೆ. ಮೊದಲ ಪಾಠದ ಒಂದು ಲೆಕ್ಕ ಮಾಡಿ ಕಳಿಸಿದ್ದೇನೆ. 80 ಬಲ್ಬುಗಳಲ್ಲಿ 12 ಕೆಟ್ಟಿವೆ, ಶೇಕಡಾ ಎಷ್ಟು? ಉತ್ತರ: 15.

ಸರಿಯಿದೆಯಾ?

ಸೊಸೆ


ಜೂನ್ 12

ಸೊಸೆಗೆ,

ಉತ್ತರ ಸರಿ. ಐದಕ್ಕೆ ಒಂದು ಅಂಕ.

ಸಿಟ್ಟು ಮಾಡಿಕೊಳ್ಳಬೇಡ, ಕೇಳು. ನಿನಗೆ ಉತ್ತರ ಗೊತ್ತು. ಅದು ನಿನಗೆ ಗೊತ್ತು ಎಂಬುದು ನನಗೆ ಹೇಗೆ ಗೊತ್ತಾಗಬೇಕು? ಪಕ್ಕದವರ ಹಾಳೆ ನೋಡಿದ್ದರೂ 15, ಕಣ್ಣು ಮುಚ್ಚಿ ಹೊಡೆದಿದ್ದರೂ 15. ಉತ್ತರ ನಿನ್ನದು. ಹಂತಗಳು ಎದುರಿಗಿರುವವನಿಗೆ. ಅವನು ನಿನ್ನನ್ನು ನಂಬದವನು ಎಂದುಕೊಂಡೇ ಬರಿ. ಪ್ರತಿ ಸಾಲಿನಲ್ಲೂ ಅವನು ‘ಇದು ಹೇಗೆ ಬಂತು?’ ಎಂದು ಕೇಳಬೇಕು, ಮುಂದಿನ ಸಾಲು ಅವನ ಬಾಯಿ ಮುಚ್ಚಿಸಬೇಕು.

ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ, ಯಾವ ದಾರಿ, ಏನು ಸಿಕ್ಕಿತು. ಕೊನೆಗೆ ಏಕಮಾನ. ಬರೀ 15 ಎಂದರೆ ಹದಿನೈದು ಏನು? ಬಲ್ಬೋ, ಕತ್ತೆಯೋ? ಏಕಮಾನ ಇಲ್ಲದ ಉತ್ತರ ತಲೆ ಇಲ್ಲದ ಮೊಳೆ, ಎಲ್ಲೂ ಹಿಡಿದು ನಿಲ್ಲುವುದಿಲ್ಲ.

ಪರೀಕ್ಷೆ ಯಾಕೆ ಎಂದು ನೀನು ಬರೆದಿಲ್ಲ, ನಾನೇ ಊಹಿಸಿದ್ದೇನೆ. ಪಾಸಾದರೆ ಹಬೆಯ ಯಂತ್ರ ಬಿಟ್ಟು ಮೇಜಿನ ಮುಂದಿನ ಕೆಲಸ ಸಿಗುತ್ತದೆ. ಒಳ್ಳೆಯ ಯೋಚನೆ. ನಿಮ್ಮಲ್ಲಿ ಹಕ್ಕು, ಬೇಡಿಕೆ ಎನ್ನುವ ಕೂಗಾಟದವರು ಇದ್ದಾರಂತೆ, ನನ್ನ ಮಗ ಹೇಳುತ್ತಿದ್ದ. ಅವರ ಜೊತೆ ಸೇರಬೇಡ. ಲೆಕ್ಕ ಕಲಿತವರಿಗೆ ಕೂಗುವ ಅಗತ್ಯ ಬೀಳುವುದಿಲ್ಲ.

ಮಾವ


ಜೂನ್ 30

ಮಾವ, ನಮಸ್ಕಾರ.

ಐದಕ್ಕೆ ಒಂದು ನೋಡಿ ನಿಮ್ಮ ಮಗ ಹೊಟ್ಟೆ ಹಿಡಿದುಕೊಂಡು ನಕ್ಕರು. “ನಮ್ಮಪ್ಪ ನನಗೆ ಸೊನ್ನೆ ಕೊಡ್ತಿದ್ರು ಕಣೇ, ನೀನು ಲಾಭದಲ್ಲಿದ್ದೀಯ” ಅಂದರು.

ಆ 15 ಹೇಗೆ ಬಂತು ಎಂದು ಈಗ ಬರೆಯುತ್ತೇನೆ, ಕೇಳಿ. 80ರಲ್ಲಿ ಹತ್ತನೇ ಒಂದು ಭಾಗ 8, ಅದು ಶೇಕಡಾ ಹತ್ತು. 8ರ ಅರ್ಧ 4, ಅದು ಶೇಕಡಾ ಐದು. 8 ಮತ್ತು 4 ಸೇರಿದರೆ 12. ಹಾಗಾದರೆ ಹತ್ತು ಮತ್ತು ಐದು ಸೇರಿ ಶೇಕಡಾ 15 ಬಲ್ಬುಗಳು ಕೆಟ್ಟಿವೆ. ಕತ್ತೆಗಳಲ್ಲ, ಬಲ್ಬುಗಳು.

ಸಮೀಕರಣವೂ ಒಂದು ಮಾಡಿದೆ. ಒಂದು ಸಂಖ್ಯೆಯ ಮೂರರಷ್ಟಕ್ಕೆ 7 ಕೂಡಿದರೆ 52. 3x + 7 = 52. ಎರಡೂ ಕಡೆ 7 ಕಳೆದರೆ 3x = 45. ಎರಡೂ ಕಡೆ ಮೂರರಿಂದ ಭಾಗಿಸಿದರೆ x = 15. ಶಾಲೆಯಲ್ಲಿ ಈ x ಕಂಡರೆ ಹೆದರುತ್ತಿದ್ದೆ. ಈಗ ಅದರ ಮೇಲೆ ಪ್ರೀತಿ ಬಂದಿದೆ. ಯಾರೋ ಹೆಸರಿಲ್ಲದವರು, ಅವರ ಮೇಲೆ ಏನೇನೋ ಹೇರಿದ್ದಾರೆ. ಹೇರಿದ್ದನ್ನು ಒಂದೊಂದೇ ಇಳಿಸಿದರೆ ಅವರು ಯಾರು ಎಂದು ಕಾಣುತ್ತದೆ.

ತಡವಾದದ್ದಕ್ಕೆ ಬಯ್ಯಬೇಡಿ. ಊಟದ ಬಿಡುವಿನಲ್ಲಿ ಇಸ್ತ್ರಿ ಮೇಜಿನ ಮೇಲೆ ಹರಿದ ಹಾಸು ಹರಡಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಒಬ್ಬಳೇ ಬರೆಯುತ್ತಿದ್ದೆ, ಈಗ ಸುತ್ತ ಏಳೆಂಟು ಜನ. ಪಕ್ಕದ ಸಾಲಿನಲ್ಲಿ ಒಬ್ಬಳಿದ್ದಾಳೆ, ಗುಡುಗು ಎಂದು ಕರೆಯುತ್ತೇವೆ, ಅವಳು ನಕ್ಕರೆ ಯಂತ್ರದ ಸದ್ದೂ ಅಡಗುತ್ತದೆ. “ಏಯ್, ಆ 7 ಎಲ್ಲಿಗ್ ಹೋಯ್ತು? ನುಂಗಿಬಿಟ್ಯಾ?” ಎಂದು ಪ್ರತಿ ಸಾಲಿಗೂ ತಡೆಯುತ್ತಾಳೆ. ನೀವು ಹೇಳಿದ ನಂಬದವನು ನನಗೆ ಸಿಕ್ಕಿದ್ದಾನೆ. ಅವನು ಹೆಂಗಸು, ಅಷ್ಟೆ.

ಸೊಸೆ


ಜುಲೈ 8

ಸೊಸೆಗೆ,

ಸಮೀಕರಣಕ್ಕೆ ಐದಕ್ಕೆ ಐದು. ಗುಡುಗಿಗೂ ಅದರಲ್ಲಿ ಒಂದು ಪಾಲು ಕೊಡು.

ಶೇಕಡಾವನ್ನು ನೀನು ಮಾಡಿದ ರೀತಿ ಪುಸ್ತಕದಲ್ಲಿಲ್ಲ. ಸೈಕಲ್ ಅಂಗಡಿ ಮೇಲಿನ ನನ್ನ ಟ್ಯೂಷನ್ ಕೋಣೆಯಲ್ಲಿ ನಿನ್ನೆ ಅದನ್ನೇ ಬೋರ್ಡಿನ ಮೇಲೆ ಬರೆದೆ. ಯಾರದು ಎಂದು ಹೇಳಲಿಲ್ಲ.

ಇನ್ನು ಸಂಖ್ಯಾಶಾಸ್ತ್ರ. ಒಂದು ರಾಶಿ ಸಂಖ್ಯೆಗಳ ಪರವಾಗಿ ಮಾತಾಡಲು ಒಂದೇ ಸಂಖ್ಯೆಯನ್ನು ಕಳಿಸಬೇಕು. ಯಾರನ್ನು ಕಳಿಸುತ್ತೀಯ? ಮೂರು ಜನ ಸಿದ್ಧರಿದ್ದಾರೆ. ಎಲ್ಲವನ್ನೂ ಕೂಡಿ, ಎಷ್ಟಿವೆಯೋ ಅಷ್ಟರಿಂದ ಭಾಗಿಸಿದರೆ ಸರಾಸರಿ. ಎಲ್ಲರನ್ನೂ ಕಿರಿದರಿಂದ ಹಿರಿದಕ್ಕೆ ಸಾಲಾಗಿ ನಿಲ್ಲಿಸಿ ನಟ್ಟನಡುವೆ ನಿಂತವರನ್ನು ಹಿಡಿದರೆ ಮಧ್ಯಾಂಕ. ಅತಿ ಹೆಚ್ಚು ಸಲ ಬಂದದ್ದು ಬಹುಲಕ. ಚಪ್ಪಲಿ ಅಂಗಡಿಯವನು ಯಾವ ಅಳತೆ ಜಾಸ್ತಿ ತರಿಸಿಡುತ್ತಾನೋ ಅದು.

ಪುಸ್ತಕದ ಲೆಕ್ಕ ಬೇಡ. ನಿನ್ನ ಸುತ್ತಲಿಂದಲೇ ಒಂಬತ್ತು ಸಂಖ್ಯೆ ಆರಿಸಿ, ಮೂರನ್ನೂ ಕಂಡುಹಿಡಿದು ಕಳಿಸು.

ಮಾವ


ಜುಲೈ 21

ಮಾವ, ನಮಸ್ಕಾರ.

ನಮ್ಮ ಕಾರ್ಖಾನೆ ಕಟ್ಟಡದ ಒಂಬತ್ತು ಜಾಗಗಳ ಶಾಖ ತೆಗೆದುಕೊಂಡಿದ್ದೇನೆ. ಮೆಕ್ಯಾನಿಕ್ ಥರ್ಮಾಮೀಟರ್ ಹಿಡಿದು ಓಡಾಡುತ್ತಿದ್ದ, ಓದಿದ್ದನ್ನು ಕೇಳಿ ಬರೆದುಕೊಂಡೆ.

ಕೊಟ್ಟಿರುವುದು, ಆರೋಹಣ ಕ್ರಮದಲ್ಲಿ: 23, 23, 24, 25, 26, 27, 28, 46, 48.

ಮೊತ್ತ 270. ಸಂಖ್ಯೆಗಳು ಒಂಬತ್ತು. 270 ಭಾಗಿಸು 9, ಸರಾಸರಿ 30 ಡಿಗ್ರಿ. ನಡುವಿನದು ಐದನೆಯದು, ಮಧ್ಯಾಂಕ 26 ಡಿಗ್ರಿ. ಎರಡು ಸಲ ಬಂದದ್ದು 23, ಬಹುಲಕ 23 ಡಿಗ್ರಿ.

ಮಾವ, ಒಂದು ಅನುಮಾನ. ಮೂರು ಉತ್ತರಗಳೂ ಸರಿಯೇ ಇವೆ, ಹಂತಗಳೂ ಸರಿಯಿವೆ. ಆದರೂ ಏನೋ ಮೋಸವಿದೆ ಅನ್ನಿಸುತ್ತದೆ. ಎಲ್ಲಿ ಎಂದು ನೋಡಿ ಹೇಳಿ.

ಸೊಸೆ


ಜುಲೈ 29

ಸೊಸೆಗೆ,

ಮೋಸವನ್ನು ಹಿಡಿದೆ. ಕೊನೆಯ ಎರಡು ಸಂಖ್ಯೆಗಳಿಗೆ ಕೆಂಪು ಗೀಟು ಹಾಕಿದ್ದೇನೆ, ನೋಡು. ಏಳು ಜಾಗ ಇಪ್ಪತ್ತರ ಮನೆಯಲ್ಲೇ ಇದ್ದು ಎರಡು ಮಾತ್ರ ನಲವತ್ತು ದಾಟಿದರೆ ಅದು ಬರವಣಿಗೆಯ ತಪ್ಪು. 2 ಬರೆಯುವಲ್ಲಿ 4 ಬರೆದಿದ್ದೀಯ. 46 ಡಿಗ್ರಿಯಲ್ಲಿ ಮನುಷ್ಯರು ನಿಂತು ಕೆಲಸ ಮಾಡಲು ಆಗುತ್ತದೆಯೇ? ಅವು 26, 28. ಆಗ ಮೊತ್ತ 230, ಸರಾಸರಿ ಸುಮಾರು 25.6 ಡಿಗ್ರಿ. ಮಧ್ಯಾಂಕದ ಪಕ್ಕದಲ್ಲೇ ಬಂದು ಕೂತಿತು, ನೋಡಿದೆಯಾ? ಒಳ್ಳೆಯ ದತ್ತಾಂಶ ಹೀಗೆ ಹೊಂದಿಕೊಂಡು ಇರುತ್ತದೆ.

ಲೆಕ್ಕದಲ್ಲಿ ತಪ್ಪಿಲ್ಲ, ಗಮನದಲ್ಲಿ ತಪ್ಪು. ಐದಕ್ಕೆ ಮೂರು. ಅವಸರದಲ್ಲಿ ಬರೆಯಬೇಡ.

ಮಾವ


ಸೆಪ್ಟೆಂಬರ್ 6

ಸೊಸೆಗೆ,

ಆಗಸ್ಟ್ ಪೂರ್ತಿ ನಿನ್ನಿಂದ ಕಾಗದವಿಲ್ಲ. ಮಗನಿಗೆ ಫೋನ್ ಮಾಡಿದರೆ “ಚೆನ್ನಾಗಿದ್ದಾಳೆ, ಆದರೆ ನಿಮ್ಮ ಹೆಸರು ಎತ್ತಿದ್ರೆ ಪಾತ್ರೆ ಜೋರಾಗಿ ಇಡ್ತಾಳೆ” ಎನ್ನುತ್ತಾನೆ. ಐದಕ್ಕೆ ಮೂರಕ್ಕೆ ಇಷ್ಟು ಮುನಿಸೇ? ನನ್ನ ವಿದ್ಯಾರ್ಥಿಗಳು ಯಾರೂ ಅಂಕಕ್ಕಾಗಿ ಅತ್ತವರಲ್ಲ. ಪರೀಕ್ಷೆ ಹತ್ತಿರ ಬಂತು. ಬೇಕಿದ್ದರೆ ಆ ಎರಡು ಅಂಕ ತೆಗೆದುಕೋ. ಬರಿ.

ಮಾವ


ಸೆಪ್ಟೆಂಬರ್ 15

ಮಾವ,

ಅಂಕ ನೀವೇ ಇಟ್ಟುಕೊಳ್ಳಿ.

46 ತಪ್ಪಲ್ಲ. 46 ನಾನು. 48 ಗುಡುಗು.

ಹಂತ ಹಂತವಾಗಿಯೇ ಬರೆಯುತ್ತೇನೆ, ನೀವು ಕಲಿಸಿದ ಹಾಗೆ. ಕೊಟ್ಟಿರುವುದು: ಲೆಕ್ಕಪತ್ರದ ಕೋಣೆ 23. ಮ್ಯಾನೇಜರ್ ಕೋಣೆ 23. ಸಭೆಯ ಕೋಣೆ 24. ಮುಂಬಾಗಿಲ ಕೋಣೆ 25. ಸಾಮಾನಿನ ಕೋಣೆ 26. ಗಾಡಿ ಇಳಿಸುವ ಕಟ್ಟೆ 27. ಬಟ್ಟೆ ವಿಂಗಡಿಸುವ ಹಜಾರ 28. ಇಸ್ತ್ರಿ ಯಂತ್ರಗಳ ಮೊದಲ ಸಾಲು 46. ಎರಡನೇ ಸಾಲು 48. ಆಸ್ಪತ್ರೆ, ಹೋಟೆಲುಗಳ ಹಾಸುಗಳೆಲ್ಲ ಆ ಎರಡು ಸಾಲಿನಲ್ಲಿ ಹಬೆಯ ಕೆಳಗೆ ಹೋಗಿ ಗರಿಗರಿಯಾಗಿ ಹೊರಬರುತ್ತವೆ. ನಾವೂ ಅದೇ ಹಬೆಯಲ್ಲಿ ಬೇಯುತ್ತೇವೆ.

ಜುಲೈನಲ್ಲಿ ಗೋಡೆಗೆ ಒಂದು ನೋಟಿಸ್ ಅಂಟಿಸಿದರು. ‘ಕಟ್ಟಡದ ಸರಾಸರಿ ಶಾಖ 30 ಡಿಗ್ರಿ. ಮಿತಿ 32. ಎಲ್ಲವೂ ಸುರಕ್ಷಿತ.’ ಅದೇ ಒಂಬತ್ತು ಜಾಗ, ಅದೇ ಮೆಕ್ಯಾನಿಕ್, ಅದೇ ಥರ್ಮಾಮೀಟರ್. ಮೋಸ ಎಲ್ಲಿದೆ ಎಂದು ನಾನು ನಿಮ್ಮನ್ನು ಕೇಳಿದ್ದು ಅದಕ್ಕೆ. ನೀವೇನು ಮಾಡಿದಿರಿ? ಅವರು ನಮ್ಮನ್ನು ಏಳು ತಂಪು ಕೋಣೆಗಳ ಕೆಳಗೆ ಬಚ್ಚಿಟ್ಟರು. ನೀವು ಕೆಂಪು ಶಾಯಿಯಲ್ಲಿ ಹೊಡೆದೇ ಹಾಕಿದಿರಿ. ಮನುಷ್ಯರು ನಿಂತು ಕೆಲಸ ಮಾಡಲು ಆಗುತ್ತದೆಯೇ ಎಂದು ಕೇಳಿದಿರಲ್ಲ? ನಿಂತಿದ್ದೇವೆ, ಮಾವ. ನಿಮ್ಮ ಕಾಗದ ಓದಿದಾಗಲೂ ಅಲ್ಲೇ ನಿಂತಿದ್ದೆ.

ಆಗಸ್ಟ್ ಮೊದಲ ವಾರ ಗುಡುಗು ತಲೆ ಸುತ್ತಿ ಬಿದ್ದಳು, ಬಿಸಿ ಯಂತ್ರದ ಮೇಲೆ. ಮೊಣಕೈಯಿಂದ ಬೆರಳ ತನಕ ಸುಟ್ಟಿದೆ. ಆಸ್ಪತ್ರೆಯಲ್ಲಿ ಅವಳ ಮಂಚಕ್ಕೆ ಹಾಸಿದ್ದು ನಾವೇ ಇಸ್ತ್ರಿ ಮಾಡಿದ ಹಾಸು. “ಮಡಿಕೆ ನೋಡೇ, ನನ್ನದೇ ಕೈ” ಅಂದಳು.

ನಿಮ್ಮಿಂದ ಮುಚ್ಚಿಟ್ಟಿದ್ದನ್ನು ಹೇಳುತ್ತೇನೆ. ನನಗೆ ಮೇಜಿನ ಮುಂದಿನ ಕೆಲಸ ಬೇಡ. ಕಾರ್ಖಾನೆಯಲ್ಲಿ ಸುರಕ್ಷತಾ ಸಮಿತಿ ಇದೆ, ಕಾರ್ಮಿಕರ ಕಡೆಯಿಂದ ಒಬ್ಬರು ಕೂರಬೇಕು. ಹತ್ತನೇ ತರಗತಿ ಪಾಸಾಗಿರಬೇಕೆಂಬ ನಿಯಮ ಮಾಡಿಟ್ಟಿದ್ದಾರೆ. ಇಸ್ತ್ರಿ ಸಾಲಿನಲ್ಲಿ ಪಾಸಾದವರು ಒಬ್ಬರೂ ಇಲ್ಲ, ಅದು ಗೊತ್ತಿದ್ದೇ ಮಾಡಿದ ನಿಯಮ. ಆ ಕುರ್ಚಿಗೆ ನಾನು ಕಟ್ಟುತ್ತಿರುವ ಪರೀಕ್ಷೆ ಇದು. ನೀವು ಹೇಳಿದ ಕೂಗಾಟದವರು ಬೇರೆ ಯಾರೂ ಅಲ್ಲ, ನಿಮ್ಮ ಸೊಸೆ.

ಹೇಳಿಕೊಡುವುದಾದರೆ ಹೇಳಿಕೊಡಿ. ಇಲ್ಲದಿದ್ದರೆ ಗೊತ್ತಿರುವಷ್ಟರಲ್ಲೇ ಬರೆಯುತ್ತೇನೆ.

ಸೊಸೆ


ಸೆಪ್ಟೆಂಬರ್ 22

ಸೊಸೆಗೆ,

ದತ್ತಾಂಶವನ್ನು ತಿದ್ದುವ ಹಕ್ಕು ನನಗಿರಲಿಲ್ಲ. ಉತ್ತರ ಅಂದವಾಗಿ ಕಾಣಲಿ ಎಂದು ಎರಡು ಸಾಲು ಜನರನ್ನು ಅಳಿಸಿದೆ. ಅಂಕ ನನ್ನದು ಕಳೆಯಬೇಕು.

ಈಗ ಕೆಲಸ. ಮೋಸ ಎಲ್ಲಿದೆ ಎಂದು ಸರಿಯಾಗಿ ನೋಡೋಣ. ಅವರ ಕೂಡಿಕೆ ಸರಿ, ಭಾಗಾಕಾರ ಸರಿ. ಆದರೆ ಒಂಬತ್ತರಿಂದ ಭಾಗಿಸಿದ್ದಾರೆ. ಒಂಬತ್ತು ಏನು? ಏಕಮಾನ ಬರಿ. ಒಂಬತ್ತು ಕೋಣೆ. ಆದ್ದರಿಂದ 30 ಎಂಬುದು ಕೋಣೆಗಳ ಸರಾಸರಿ, ಗೋಡೆಗಳ ಸರಾಸರಿ. ಗೋಡೆಗೆ ಬೆವರು ಬರುವುದಿಲ್ಲ. ಒಬ್ಬನೇ ಕೂರುವ ಕೋಣೆಗೂ ನಿಮ್ಮ ಇಡೀ ಸಾಲಿಗೂ ಒಂದೊಂದೇ ಓಟು ಕೊಟ್ಟಿದ್ದಾರೆ.

ಪ್ರತಿ ಶಾಖದಲ್ಲಿ ಎಷ್ಟು ಜನ ಇದ್ದಾರೆ ಎಂದು ಎಣಿಸು. ಅದರ ಹೆಸರು ಆವೃತ್ತಿ. ಶಾಖವನ್ನು ಜನರಿಂದ ಗುಣಿಸು, ಎಲ್ಲವನ್ನೂ ಕೂಡು, ಒಟ್ಟು ಜನರಿಂದ ಭಾಗಿಸು. ಇದು ನಿನ್ನ ಪುಸ್ತಕದ ಕೊನೆಯ ಪಾಠದಲ್ಲೇ ಇದೆ. ಉತ್ತರ ನಾನು ಹೇಳುವುದಿಲ್ಲ. ನನ್ನ ಉತ್ತರ ಹಿಡಿದುಕೊಂಡು ಹೋದರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀಯ.

ಗುಡುಗಿನ ಕೈ ಹೇಗಿದೆ?

ಮಾವ


ಅಕ್ಟೋಬರ್ 9

ಮಾವ, ನಮಸ್ಕಾರ.

ಗುಡುಗು ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದಾಳೆ. ಆವೃತ್ತಿ ಎಣಿಸಿದ್ದು ಅವಳೇ, ಬ್ಯಾಂಡೇಜು ಕಟ್ಟಿದ ಕೈ ತೋರಿಸುತ್ತ ಎಲ್ಲ ಕೋಣೆ ಹೊಕ್ಕು ಬಂದಳು. ಯಾರೂ ತಡೆಯಲಿಲ್ಲ.

23 ಡಿಗ್ರಿಯಲ್ಲಿ 6 ಜನ, ಗುಣಲಬ್ಧ 138. 24ರಲ್ಲಿ 2, 48. 25ರಲ್ಲಿ 2, 50. 26ರಲ್ಲಿ 4, 104. 27ರಲ್ಲಿ 6, 162. 28ರಲ್ಲಿ 21, 588. 46ರಲ್ಲಿ 41, 1886. 48ರಲ್ಲಿ 38, 1824.

ಒಟ್ಟು ಜನ 120. ಗುಣಲಬ್ಧಗಳ ಮೊತ್ತ 4800. ಭಾಗಿಸಿದರೆ ಒಬ್ಬ ಮನುಷ್ಯನಿಗೆ ಸರಾಸರಿ 40 ಡಿಗ್ರಿ.

ನಲವತ್ತು, ಮಾವ. ಮಿತಿ ಮೂವತ್ತೆರಡು.

ಮಧ್ಯಾಂಕವನ್ನೂ ಕಂಡುಹಿಡಿದೆ. 120 ಜನರನ್ನು ತಂಪಿನಿಂದ ಬಿಸಿಗೆ ಸಾಲಾಗಿ ನಿಲ್ಲಿಸಿದರೆ ನಡುವಿನವರು 60 ಮತ್ತು 61ನೆಯವರು. 28 ಡಿಗ್ರಿ ಮುಗಿಯುವಷ್ಟರಲ್ಲಿ ಬರೀ 41 ಜನ ಆಗುತ್ತಾರೆ. ಹಾಗಾದರೆ ನಡುವಿನವರು ನನ್ನ ಸಾಲಿನವರು. ಮಧ್ಯಾಂಕ 46. ಹೆಚ್ಚು ಜನ ಇರುವುದೂ ಅಲ್ಲೇ, ಬಹುಲಕ 46. ನೀವು ಗೀಟು ಹಾಕಿದ ಸಂಖ್ಯೆಯೇ ಈ ಕಾರ್ಖಾನೆಯ ನಟ್ಟನಡುವೆ ನಿಂತಿದೆ.

ಇದನ್ನೆಲ್ಲ ಹರಿದ ಹಾಸಿನ ಮೇಲೆ ಬರೆದು ನೋಟಿಸಿನ ಪಕ್ಕ ಹಾಕಿದೆವು. ಮ್ಯಾನೇಜರ್ ಬಂದು ನೋಡಿದ. “ಹತ್ತನೇ ಕ್ಲಾಸ್ ಪಾಸಾಗದವರು ನನಗೆ ಲೆಕ್ಕ ಹೇಳಬೇಡಿ” ಅಂದ, ಹಾಸು ಕಿತ್ತಿಸಿದ. ಒಂದು ಸಾಲನ್ನೂ ತಪ್ಪು ಎನ್ನಲಿಲ್ಲ. ಕಿತ್ತರೇನಂತೆ, ಹರಿದ ಹಾಸಿಗೆ ನಮ್ಮಲ್ಲಿ ಬರವೇ? ಆದರೆ ಹಾಸಿನ ಮೇಲಿರುವುದು ತಲೆಯಲ್ಲೂ ಇರಲಿ ಎಂದು ಈಗ ಒಬ್ಬೊಬ್ಬರೂ ಒಂದೊಂದು ಹಂತ ಬಾಯಿಪಾಠ ಮಾಡುತ್ತಿದ್ದಾರೆ. ನನ್ನನ್ನು ಕೆಲಸದಿಂದ ತೆಗೆದರೂ ಲೆಕ್ಕ ಅರ್ಧಕ್ಕೆ ನಿಲ್ಲಬಾರದು.

ಪರೀಕ್ಷೆ ಮುಗಿದು ಫಲಿತಾಂಶ ಬರುವ ತನಕ ಇನ್ನು ಕಾಗದವಿಲ್ಲ. ಈ ಸಲ ಮುನಿಸಿಗಲ್ಲ.

ಸೊಸೆ


ಜನವರಿ 17

ಮಾವ, ನಮಸ್ಕಾರ.

ಲೆಕ್ಕದಲ್ಲಿ ನೂರಕ್ಕೆ ಎಪ್ಪತ್ತೊಂದು.

ಫಲಿತಾಂಶ ಬಂದ ದಿನ ಸಾಲಿನ ಯಂತ್ರಗಳೆಲ್ಲ ಒಂದು ಗಳಿಗೆ ನಿಂತವು. ಯಾರು ನಿಲ್ಲಿಸಿದರೆಂದು ಯಾರಿಗೂ ಗೊತ್ತಿಲ್ಲವಂತೆ. ನಿಮ್ಮ ಮಗ ಲಾರಿಯನ್ನು ಗೇಟಿನ ಮುಂದೆ ತಂದು ಹಾರ್ನ್ ಹೊಡೆದು ಕಾವಲಿನವನಿಂದ ಬೈಸಿಕೊಂಡರು. ಅದರ ಮರುವಾರ ಸಮಿತಿಯ ಕುರ್ಚಿಗೆ ಚುನಾವಣೆ ಆಯಿತು, ಎದುರಿಗೆ ಯಾರೂ ನಿಲ್ಲಲಿಲ್ಲ. ಮೊನ್ನೆ ಸಮಿತಿ ಸೇರಿತು.

ಮ್ಯಾನೇಜರ್, ಇಂಜಿನಿಯರ್, ಲೆಕ್ಕಪತ್ರದವನು, ನಾನು. ಕೋಣೆ ತಂಪಾಗಿತ್ತು, 24. ಮೊದಲ ಸಾಲಿನಿಂದ ಶುರು ಮಾಡಿದೆ. ಲೆಕ್ಕಪತ್ರದವನು ಪ್ರತಿ ಹಂತಕ್ಕೂ ಕ್ಯಾಲ್ಕ್ಯುಲೇಟರ್ ಒತ್ತಿ ತಲೆಯಾಡಿಸುತ್ತ ಬಂದ. ಮ್ಯಾನೇಜರಿಗೆ ಹಿಡಿಸಲಿಲ್ಲ.

“ಇದನ್ನೆಲ್ಲ ಯಾರ್ರೀ ಹೇಳಿಕೊಟ್ಟಿದ್ದು ನಿಮಗೆ?”

“ನಮ್ಮ ಮಾವ.”

“ಯಾವ ಸಂಘದ ಮುಖಂಡ ಅವರು?”

“ಟ್ಯೂಷನ್ ಮೇಷ್ಟ್ರು. ಸೈಕಲ್ ಅಂಗಡಿ ಮೇಲೆ.”

“ಇದು ನೀವೊಬ್ಬರೇ ಹೆಣೆದ ಕತೆ. ನಿಮ್ಮ ಸಾಲಿನವರಿಗೆ ಇದರ ತಲೆಬುಡ ಗೊತ್ತಿರಲ್ಲ.”

ನಾನು ಕಿಟಕಿ ತೆಗೆದೆ, ಅಷ್ಟೇ. ಪಾಳಿ ಬದಲಾಗುವ ಹೊತ್ತು, ಎರಡೂ ಸಾಲಿನವರು ಅಂಗಳದಲ್ಲಿದ್ದರು. ಗುಡುಗು ಮೊದಲು ಕೂಗಿದಳು: “ಹಂತ ಒಂದು! ಇಪ್ಪತ್ಮೂರರಲ್ಲಿ ಆರು ಜನ!” ಅವಳ ಹಿಂದೆ ಇನ್ನೊಬ್ಬಳು ಎರಡನೇ ಹಂತ, ಮತ್ತೊಬ್ಬಳು ಮೂರನೆಯದು. ಯಾರೂ ತಡವರಿಸಲಿಲ್ಲ. ಭಾಗಾಕಾರಕ್ಕೆ ಬಂದಾಗ ಕಿಟಕಿಯಲ್ಲಿದ್ದ ನನ್ನದೂ ಸೇರಿ ಎಪ್ಪತ್ತೊಂಬತ್ತು ಗಂಟಲು ಒಟ್ಟಿಗೆ: “ನಲವತ್ತು!” ಗಾಜು ಅದುರಿತು.

ಕೂಗುವ ಅಗತ್ಯ ಬೀಳುವುದಿಲ್ಲ ಎಂದಿದ್ದಿರಿ. ಕೂಗಿದೆವು ಮಾವ. ಲೆಕ್ಕವನ್ನೇ ಕೂಗಿದೆವು.

ಕೊನೆಗೆ ಇಂಜಿನಿಯರ್ “ಇದರಲ್ಲಿ ನನಗೆ ತಪ್ಪು ಕಾಣ್ತಿಲ್ಲ ಸರ್” ಅಂದ. ಗಾಳಿ ಎಳೆಯುವ ಫ್ಯಾನುಗಳು ಬರುತ್ತವೆ. ಅಲ್ಲಿಯ ತನಕ ಪ್ರತಿ ಗಂಟೆಗೂ ಸರದಿಯ ಮೇಲೆ ವಿಂಗಡಿಸುವ ಹಜಾರದಲ್ಲಿ ಕೂರಬಹುದು. ಗುಡುಗಿನ ಚಿಕಿತ್ಸೆ ಕಾರ್ಖಾನೆಯದು. ಎಲ್ಲವೂ ಬರಹದಲ್ಲಿ ಬಂದಿದೆ. ಅಲ್ಲಿಗೆ ಮುಗಿಯುವುದಿಲ್ಲ. ಮಿತಿಗೆ ಇಳಿಯುವ ತನಕ ಪ್ರತಿ ವಾರ ಥರ್ಮಾಮೀಟರಿನ ಹಿಂದೆ ನಾನೇ ನಡೆಯುತ್ತೇನೆ.

ಮುಂದಿನ ಪರೀಕ್ಷೆಗೆ ಹದಿಮೂರು ಜನ ಕಟ್ಟಿದ್ದಾರೆ. ಅವರ ಮೊದಲ ಉತ್ತರಗಳು ಈ ಲಕೋಟೆಯಲ್ಲಿವೆ. ಎಲ್ಲರೂ ಬರೀ ಉತ್ತರ ಬರೆದಿದ್ದಾರೆ, ಹಂತಗಳಿಲ್ಲ. ನೀವೇ ಬಯ್ಯಿರಿ, ನನಗೆ ಮನಸ್ಸು ಬರುವುದಿಲ್ಲ.

ಜೊತೆಗೆ ನಿಮ್ಮ ಜುಲೈ 29ರ ಕಾಗದವನ್ನೂ ತಿದ್ದಿ ಕಳಿಸಿದ್ದೇನೆ. ಹಂತಗಳು ಸರಿ, ದತ್ತಾಂಶ ತಪ್ಪು. ಐದಕ್ಕೆ ಎರಡು. ಮತ್ತೆ ಮಾಡಿ ಕಳಿಸಿ.

ಸೊಸೆ


ಜನವರಿ 25

ಸೊಸೆಗೆ,

ಹದಿಮೂರು ಜನರಿಗೂ ಐದಕ್ಕೆ ಒಂದು ಕೊಟ್ಟಿದ್ದೇನೆ. ಅಳಬಾರದು ಎಂದು ಹೇಳು.

ಕೆಂಪು ಶಾಯಿಯ ನನ್ನ ಕಾಗದವನ್ನು ಟ್ಯೂಷನ್ ಕೋಣೆಯ ಗೋಡೆಗೆ ಅಂಟಿಸಿದ್ದೇನೆ, ನೀನು ಹಾಕಿದ ಎರಡು ಅಂಕದ ಸಮೇತ. ಹುಡುಗರು ಸುತ್ತ ಮುತ್ತಿಕೊಂಡರು. “ಸರ್, ನಿಮಗೇ ಎರಡು ಕೊಟ್ಟವರು ಯಾರು?” ಎಂದು ಕೇಳಿದರು. ಈ ಸಲ ಹೇಳಿದೆ. ಒಂದು ಸಲ ಅಲ್ಲ, ಬಂದವರಿಗೆಲ್ಲ ಹೇಳುತ್ತಿದ್ದೇನೆ. ಕೆಳಗಿನ ಸೈಕಲ್ ಅಂಗಡಿಯವನು “ಸಾಕು ಮೇಷ್ಟ್ರೇ, ನಿಮ್ಮ ಸೊಸೆ ಮಾರ್ಕ್ಸು ನನಗೂ ಬಾಯಿಪಾಠ ಆಯ್ತು” ಎನ್ನುತ್ತಾನೆ.

ಮತ್ತೆ ಮಾಡಿದ ಲೆಕ್ಕ:

ಕೊಟ್ಟಿರುವುದು: 23, 23, 24, 25, 26, 27, 28, 46, 48. ಯಾವುದನ್ನೂ ಹೊಡೆದಿಲ್ಲ.

ಕೇಳಿರುವುದು: ಇವರ ಪರವಾಗಿ ಮಾತಾಡಲು ಯಾರನ್ನು ಕಳಿಸಬೇಕು?

ದಾರಿ: ಗೋಡೆಗಳನ್ನು ಬಿಟ್ಟು ಜನರನ್ನು ಎಣಿಸುವುದು.

ಉತ್ತರ: 46ರಲ್ಲಿ ನಿಂತವಳನ್ನು.

ಹಂತಗಳೆಲ್ಲ ಇವೆ, ಐದಕ್ಕೆ ಐದು ನಿರೀಕ್ಷಿಸುತ್ತೇನೆ. ಒಂದು ತಪ್ಪು ಮಾತ್ರ ಹೇಳದೆ ಇರಲಾರೆ. ಅಂಗಳದಲ್ಲಿ ನೀವು ಕೂಗಿದ್ದು ಬರೀ ‘ನಲವತ್ತು’. ನಲವತ್ತು ಏನು? ಮುಂದಿನ ಸಲ ಕೂಗುವಾಗ ಏಕಮಾನ ಸೇರಿಸಿ ಕೂಗಿ. ಒಬ್ಬ ಮನುಷ್ಯನಿಗೆ ನಲವತ್ತು ಡಿಗ್ರಿ. ಇಲ್ಲಿಯ ತನಕ ಕೇಳಿಸಬೇಕು.

ಮಾವ